ಕತ್ತಿವರಸೆಗೆ ಯಂತ್ರ ಬಂದರೆ ಸಾಲದು, ತಂತಿ ನೋಡುವವರೂ ಬೇಕು

ಸಂಪಾದಕರಿಗೆ,

ಮಾನ್ಯರೇ,

ಶಿವಮೊಗ್ಗದ ಮಕ್ಕಳಿಗೆ ಕತ್ತಿವರಸೆ (ಫೆನ್ಸಿಂಗ್) ಅಭ್ಯಾಸಕ್ಕೆಂದು, ಮೇಲೆ ನಿಂತು ಆಡುವ ಉದ್ದನೆಯ ಪಟ್ಟಿಗಳಾದ ಎರಡು ಪಿಸ್ಟ್‌ಗಳನ್ನೂ ಅಂಕ ತೋರಿಸುವ ವಿದ್ಯುತ್ ಯಂತ್ರಗಳನ್ನೂ ಒದಗಿಸಬೇಕೆಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದ ಪತ್ರವನ್ನು ಓದಿದೆ. ಅವರ ಬೇಡಿಕೆಗೆ ನನ್ನ ಪೂರ್ಣ ಸಹಮತವಿದೆ. ಆದರೆ ಅವರು ಕೊಟ್ಟ ಪಟ್ಟಿಯಲ್ಲಿ ಒಬ್ಬ ಮನುಷ್ಯ ಬಿಟ್ಟುಹೋಗಿದ್ದಾನೆ. ಪಂದ್ಯಕ್ಕೆ ಮುಂಚೆ ಪ್ರತಿಯೊಂದು ಕತ್ತಿ, ಮುಖವಾಡ, ತಂತಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವವನು, ಪಂದ್ಯದ ನಡುವೆ ಹೊಡೆತ ತಾಗಿದರೂ ಯಂತ್ರದ ದೀಪ ಹತ್ತದಿದ್ದರೆ ದೋಷ ಎಲ್ಲಿದೆಯೆಂದು ತೀರ್ಪುಗಾರರಿಗೆ ತೋರಿಸಿಕೊಡುವವನು, ಅಂದರೆ ಸಲಕರಣೆ ತಂತ್ರಜ್ಞ. ಸರ್ಕಾರಿ ಐಟಿಐ ಒಂದರಲ್ಲಿ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ವೃತ್ತಿಯನ್ನು ಬಹುಕಾಲ ಕಲಿಸಿ ನಿವೃತ್ತನಾದ ನಾನು ಕಳೆದ ಎರಡು ವರ್ಷಗಳಿಂದ ಈ ಕೆಲಸಕ್ಕೆ ನನ್ನಷ್ಟಕ್ಕೆ ನಾನೇ ತಯಾರಾಗುತ್ತಿರುವುದರಿಂದ, ಈ ವಿಷಯದಲ್ಲಿ ಕಂಡುಕೊಂಡದ್ದನ್ನು ತಮ್ಮ ಓದುಗರ ಮುಂದಿಡಲು ಬಯಸುತ್ತೇನೆ.

ನಮ್ಮ ಕಡೆ ಫೆನ್ಸಿಂಗ್ ಎಂದರೆ ಹತ್ತರಲ್ಲಿ ಒಂಬತ್ತು ಮಂದಿಗೆ ನೆನಪಾಗುವುದು ಕಾಡುಪ್ರಾಣಿಗಳನ್ನು ತಡೆಯಲು ತೋಟದ ಸುತ್ತ ಎಳೆಯುವ ಐಬೆಕ್ಸ್ ವಿದ್ಯುತ್ ಬೇಲಿ. ಮೊಮ್ಮಗಳು ಫೆನ್ಸಿಂಗ್ ಕಲಿಯುತ್ತಿದ್ದಾಳೆಂದು ಹೇಳಿದಾಗ ತೀರ್ಥಹಳ್ಳಿ ಕಡೆಯ ನಮ್ಮ ಬಂಧುವೊಬ್ಬರು, "ಕಾಡುಕೋಣಕ್ಕೆ ಎಷ್ಟು ಸಾಲು ತಂತಿ ಬೇಕಾಗ್ತದೆ ಕೇಳು ಅವಳ ಹತ್ರ" ಎಂದಿದ್ದರು. ನಾನೂ ಅಂದು ನಕ್ಕಿದ್ದೆ. ಈ ಆಟದ ದೋಷಗಳನ್ನು ಹುಡುಕುವ ಬಗೆ ಆ ಬೇಲಿಯದಕ್ಕಿಂತ ಬಹಳ ದೂರದ್ದಲ್ಲವೆಂದು ತಿಳಿದದ್ದು ಆಮೇಲೆ.

ನಾನು ಇದಕ್ಕೆ ಕೈಹಾಕಿದ ಕಾರಣವನ್ನು ಹೇಳಿಬಿಡುತ್ತೇನೆ. ಮೊಮ್ಮಗಳು ಆಡುವುದು ಎಪೆ ಎಂಬ ಕತ್ತಿಯಲ್ಲಿ. ಹೊರ ಜಿಲ್ಲೆಯೊಂದರಲ್ಲಿ ನಡೆದ ಪಂದ್ಯಾವಳಿಗೆ ಎರಡು ಕತ್ತಿ, ಕತ್ತಿಯಿಂದ ಉಡುಪಿನೊಳಗೆ ಹಾದು ಯಂತ್ರದ ಕಡೆಗೆ ಹೋಗುವ ಎರಡು ಬಾಡಿ ವೈರ್ ಹಿಡಿದು ಹೋಗಿದ್ದಳು. ಮೊದಲ ಸುತ್ತಿನ ಪಂದ್ಯ ಐದು ಅಂಕಕ್ಕೆ, ಮೂರು ನಿಮಿಷದ್ದು. ಪಿಸ್ಟ್ ಮೇಲೆ ನಿಂತು ಮೊನೆ ಒತ್ತಿದರೆ ದೀಪ ಹತ್ತಲಿಲ್ಲ; ಕೆಲಸ ಮಾಡದ ಆಯುಧದೊಂದಿಗೆ ಬಂದದ್ದಕ್ಕೆ ಹಳದಿ ಕಾರ್ಡ್. ಎರಡನೆಯ ಕತ್ತಿಯೂ ಹಾಗೆಯೇ ಮಾಡಿತು. ಕೆಂಪು ಕಾರ್ಡ್, ಅಂದರೆ ಎದುರಾಳಿಗೆ ಒಂದು ಅಂಕ. ಗೆಳತಿಯ ಕತ್ತಿ ಕಡ ಪಡೆದು ಆಡಿದ ಆ ಪಂದ್ಯವನ್ನು ಅವಳು 4-5ರಿಂದ ಸೋತಳು. ನಿಯಮದ ಪ್ರಕಾರ ನಡೆದದ್ದರಿಂದ ತೀರ್ಪುಗಾರರ ಮೇಲೆ ನನ್ನ ಆಕ್ಷೇಪವೇನಿಲ್ಲ. ಆದರೆ ಪಂದ್ಯಕ್ಕೆ ಮುಂಚೆ ಆಯುಧ ಪರೀಕ್ಷೆಯೇ ಇರಲಿಲ್ಲ; ಮೇಜಿನ ಹಿಂದೆ ಒಂದು ಸ್ಕ್ರೂಡ್ರೈವರ್ ಹಿಡಿದು ಕುಳಿತಿದ್ದವರು, ಊಟದ ಕೂಪನ್ ಹಂಚುವ ಹೊಣೆಯನ್ನೂ ಹೊತ್ತಿದ್ದ ಒಬ್ಬ ದೈಹಿಕ ಶಿಕ್ಷಕರು. ಮನೆಗೆ ಬಂದ ಮೇಲೆ, ಕೈಯನ್ನು ಕಾಯುವ ಬಟ್ಟಲಿನಂಥ ಗಾರ್ಡಿನ ಒಳಗಿನ ಸಾಕೆಟ್ ಬಿಚ್ಚಿ ನೋಡಿದೆ. ಎರಡೂ ಕತ್ತಿಗಳಲ್ಲಿ, ತಂತಿ ಬಂದು ಸೇರುವ ತಿರುಪಿನ ಸುತ್ತ ಹಸಿರು ಕಿಲುಬು ಹಿಡಿದಿತ್ತು. ಕೆರೆದು, ತಂತಿಯ ತುದಿಯನ್ನು ಹೊಸದಾಗಿ ಸುಲಿದು ಬಿಗಿಮಾಡುವುದಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ.

ಕಿಲುಬು ಮಳೆಗಾಲದ್ದು. ಬೆವರಿನಲ್ಲಿ ತೊಯ್ದ ಕೈಗವಸು, ಜಾಕೆಟ್, ಕತ್ತಿಗಳೆಲ್ಲ ಒಂದೇ ಚೀಲದಲ್ಲಿ ಸೇರಿ, ಆ ಚೀಲ ಬಸ್ಸಿನ ಡಿಕ್ಕಿಯಲ್ಲಿ ಆಗುಂಬೆಯ ಮಳೆಯನ್ನು ದಾಟಿ ಬಂದು, ಮನೆಯ ಮೂಲೆಯಲ್ಲಿ ಮುಂದಿನ ಭಾನುವಾರದವರೆಗೆ ಬಿಚ್ಚದೆ ಬಿದ್ದಿದ್ದರೆ ಬೇರೇನಾದೀತು? ಬಯಲುಸೀಮೆಯಲ್ಲಿ ವರ್ಷವಿಡೀ ಬಾಳುವ ತಂತಿ ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ದಾಟುವುದರೊಳಗೆ ತಕರಾರು ತೆಗೆಯುತ್ತದೆ. ಆದ್ದರಿಂದಲೇ ನಮ್ಮ ಜಿಲ್ಲೆಗೆ ಈ ತಂತ್ರಜ್ಞ ಬೇರೆ ಜಿಲ್ಲೆಗಳಿಗಿಂತ ಹೆಚ್ಚು ಅಗತ್ಯವೆಂಬುದು ನನ್ನ ವಾದ.

ಈ ಕೆಲಸಕ್ಕೆ ತಯಾರಾಗುವವರು ಮೊದಲು ಅರ್ಥಮಾಡಿಕೊಳ್ಳಬೇಕಾದದ್ದು, ಮೂರು ಕತ್ತಿಗಳ ಮೂರು ಬಗೆಯ ವಿದ್ಯುತ್ ನಡೆಯನ್ನು. ಎಪೆಯ ಮೊನೆಯಲ್ಲಿರುವುದು ಕರೆಗಂಟೆಯ ಗುಂಡಿಯಂಥದ್ದು: ಅಲಗಿನ ಉದ್ದಕ್ಕೂ ಇರುವ ತೋಡಿನಲ್ಲಿ ಅಂಟಿಸಿದ ಎರಡು ತಂತಿಗಳು ತುದಿಯವರೆಗೆ ಹೋಗಿ ಬಿಡಿಯಾಗಿ ನಿಂತಿರುತ್ತವೆ, ಒತ್ತಿದಾಗ ಕೂಡಿಕೊಂಡು ದೀಪ ಹತ್ತುತ್ತದೆ. ಫಾಯಿಲ್‌ನಲ್ಲಿ ಇದು ತಿರುಗುಮುರುಗು. ಅಲ್ಲಿ ವಿದ್ಯುತ್ ಯಾವಾಗಲೂ ಹರಿಯುತ್ತಿದ್ದು, ಮೊನೆ ಒತ್ತಿದಾಗ ಕಡಿಯುತ್ತದೆ. ಕಡಿದ ಹೊತ್ತಿನಲ್ಲಿ ಮೊನೆ ಎದುರಾಳಿಯ ಲೋಹದ ನೂಲಿನ ಲಾಮೆ ಜಾಕೆಟ್ಟಿನ ಮೇಲಿದ್ದರೆ ಬಣ್ಣದ ದೀಪ, ಬೇರೆಲ್ಲಾದರೂ ಇದ್ದರೆ ಬಿಳಿ ದೀಪ. ಸೇಬರ್‌ಗೆ ಮೊನೆಯಲ್ಲಿ ಗುಂಡಿಯೇ ಇಲ್ಲ; ಇಡೀ ಅಲಗೇ ತಂತಿ. ಪುಸ್ತಕದಲ್ಲಿ ಇದು ನಾಲ್ಕು ಸಾಲಿನ ಪಾಠ. ಆದರೆ ದೋಷ ಹುಡುಕುವ ಕ್ರಮವೆಲ್ಲ ಇದರ ಮೇಲೆಯೇ ನಿಂತಿದೆ. ಫಾಯಿಲ್‌ನಲ್ಲಿ ಎಲ್ಲೋ ಒಂದು ತಿರುಪು ಸಡಿಲವಾದರೆ ಯಾರೂ ಮುಟ್ಟದೆಯೇ ಬಿಳಿ ದೀಪ ಮಿನುಗತೊಡಗಿ, ದೋಷ ತಾನಾಗಿಯೇ ಕೂಗಿ ಹೇಳುತ್ತದೆ. ಎಪೆಯಲ್ಲಿ ತಂತಿ ಹರಿದರೆ ಏನೂ ಆಗುವುದಿಲ್ಲ. ಹುಡುಗಿ ಸರಿಯಾಗಿಯೇ ಚುಚ್ಚುತ್ತಾಳೆ, ದೀಪ ಸುಮ್ಮನಿರುತ್ತದೆ, ಎಲ್ಲರೂ ಅವಳದೇ ಗುರಿ ತಪ್ಪಿತೆಂದುಕೊಳ್ಳುತ್ತಾರೆ. ಒಂದೊಂದು ಸಲ ಅವಳೂ ಹಾಗೆಯೇ ನಂಬಿಬಿಡುತ್ತಾಳೆ.

ಹಾಗಾಗಿ ಎಪೆಯ ಮೊನೆಯ ಪರೀಕ್ಷೆಗೆ ನಾನು ಅತಿ ಹೆಚ್ಚು ಸಮಯ ಕೊಟ್ಟಿದ್ದೇನೆ. ಕತ್ತಿಯನ್ನು ಮೊನೆ ಮೇಲಾಗಿ ನೆಟ್ಟಗೆ ಹಿಡಿದು, ಮೊನೆಯ ಮೇಲೆ 750 ಗ್ರಾಂ ತೂಕ ಕೂರಿಸಿ ಒತ್ತಿ ಬಿಟ್ಟರೆ, ಒಳಗಿನ ಸ್ಪ್ರಿಂಗ್ ಆ ತೂಕವನ್ನು ಮೇಲೆತ್ತಿ ದೀಪವನ್ನು ಆರಿಸಬೇಕು. ಫಾಯಿಲ್‌ಗೆ ಈ ತೂಕ 500 ಗ್ರಾಂ. ಎಪೆಗೆ ಇನ್ನೆರಡು ಅಳತೆಪಟ್ಟಿಗಳಿವೆ. 1.5 ಮಿಲಿಮೀಟರ್ ದಪ್ಪದ್ದು ಮೊನೆಗೂ ಅದರ ಕೊಳವೆಗೂ ನಡುವಿನ ಸಂದಿಯಲ್ಲಿ ತೂರಬೇಕು, 0.5 ಮಿಲಿಮೀಟರಿನದನ್ನು ಅಲ್ಲಿಟ್ಟು ಒತ್ತಿದರೆ ದೀಪ ಹತ್ತಬಾರದು. ಹತ್ತಿತೆಂದರೆ ಒಳಗಿನ ಸಣ್ಣ ಸ್ಪ್ರಿಂಗ್ ಉದ್ದವಾಗಿದೆಯೆಂದು ಅರ್ಥ, ಅದನ್ನು ಕೂದಲೆಳೆಯಷ್ಟು ಕುಗ್ಗಿಸಬೇಕು. ಹೆಚ್ಚು ಕುಗ್ಗಿಸಿದರೆ ದೀಪವೇ ಹತ್ತುವುದಿಲ್ಲ, ಮತ್ತೆ ಬಿಚ್ಚಬೇಕು. ಮೊನೆಯನ್ನು ಹಿಡಿದಿಡುವ ಎರಡು ತಿರುಪುಗಳು ಸಾಸಿವೆ ಕಾಳಿಗಿಂತ ದೊಡ್ಡವಲ್ಲ. ಮೊದಲ ತಿಂಗಳಿನಲ್ಲಿ ನಾನು ನೆಲದ ಮೇಲೆ ತಡಕಿದ್ದೇ ಹೆಚ್ಚು. ಕಡೆಗೆ ಮನೆಯವರು ಅಕ್ಕಿ ಹಸನು ಮಾಡುವ ಗೆರಸಿಯನ್ನು ತಂದು, ಮೇಲೊಂದು ಬಿಳಿ ಬಟ್ಟೆ ಹಾಸಿಕೊಟ್ಟರು. ಅಂದಿನಿಂದ ಒಂದು ತಿರುಪೂ ಕಳೆದಿಲ್ಲ. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಮೇಜನ್ನು ನಾನು ಈವರೆಗೆ ಕಂಡಿಲ್ಲ.

ಬಾಡಿ ವೈರಿನ ಪರೀಕ್ಷೆ ನೋಡಲು ಸುಲಭ, ಮಾಡಲು ಅಷ್ಟಲ್ಲ. ಅದರ ಪ್ರತಿ ಎಳೆಯ ರೋಧ 1 ಓಮ್ ಮೀರಬಾರದು. ಅಂಗಡಿಯ ಸಾಮಾನ್ಯ ಮಲ್ಟಿಮೀಟರಿನ ಕಡ್ಡಿಗಳಿಗೇ ಒಂದಿಷ್ಟು ರೋಧವಿರುವುದರಿಂದ, ಮೊದಲು ಕಡ್ಡಿ ಕಡ್ಡಿ ಮುಟ್ಟಿಸಿ ಬಂದ ಅಂಕೆಯನ್ನು ಕಳೆದ ಮೇಲಷ್ಟೇ ನಿಜವಾದ ಅಳತೆ ಸಿಗುತ್ತದೆ. ಇದನ್ನು ಮರೆತು ಒಳ್ಳೆಯ ತಂತಿಯನ್ನು ತಿರಸ್ಕರಿಸಿದರೆ ಮಗುವಿಗೆ ವೃಥಾ ದಂಡ. ಇನ್ನೊಂದು ಮಾತೆಂದರೆ, ತಂತಿಯನ್ನು ಮೇಜಿನ ಮೇಲೆ ಮಲಗಿಸಿ ಅಳೆದು ಉಪಯೋಗವಿಲ್ಲ. ಪ್ಲಗ್ಗಿನ ಬುಡದಲ್ಲಿ ಎಳೆಗಳು ಒಂದೊಂದಾಗಿ ಹರಿಯುತ್ತಾ ಬಂದು, ಮೇಲಿನ ಹೊದಿಕೆ ಮಾತ್ರ ಗಟ್ಟಿಯಾಗಿ ಉಳಿದಿರುತ್ತದೆ. ಅಂಥ ತಂತಿ ಸುಮ್ಮನಿದ್ದಾಗ ಸರಿಯಾದ ಅಂಕೆ ತೋರಿಸಿ, ಆಟಗಾರ ಮುನ್ನುಗ್ಗಿದಾಗ ಕೈಕೊಡುತ್ತದೆ. ಬುಡವನ್ನು ಬಗ್ಗಿಸಿ ತಿರುಚುತ್ತಲೇ ಅಳೆಯಬೇಕು. ಅಡಿಕೆ ಸುಲಿಯುವ ಯಂತ್ರದ ವೈರು, ತೋಟದ ಪಂಪಿನ ಸ್ಟಾರ್ಟರ್ ರಿಪೇರಿ ಮಾಡಿ ರೂಢಿಯಿರುವ ನಮ್ಮ ಹುಡುಗರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಲಾಮೆ ಜಾಕೆಟ್ಟಿನ ವಿಚಾರದಲ್ಲಿ ಪೋಷಕರಿಗೆ ಒಂದು ಮಾತು. ಅದರ ಮೇಲಿನ ಯಾವುದೇ ಎರಡು ಜಾಗಗಳ ನಡುವಿನ ರೋಧ 5 ಓಮ್ ಮೀರಬಾರದೆಂಬುದು ನಿಯಮ. ಉಪ್ಪು ಬೆವರು ಒಣಗಿ ಲೋಹದ ನೂಲು ಕಪ್ಪಾದಲ್ಲೆಲ್ಲ ಅದು ಏರುತ್ತದೆ, ಕಂಕುಳ ಬಳಿಯಲ್ಲಂತೂ ಬಲುಬೇಗ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲವೆಂದು ಇದನ್ನೂ ಬಚ್ಚಲೊಲೆಯ ಮೇಲಿನ ಗಳಕ್ಕೆ ನೇತುಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬಾರದು. ತಣ್ಣೀರಿನಲ್ಲಿ ಮೆದು ಸೋಪು ಕಲಸಿ, ಉಜ್ಜದೆ, ಹಿಂಡದೆ ಅದ್ದಿ ತೆಗೆದು, ಮಡಿಸದೆ ನೆರಳಿನಲ್ಲಿ ಫ್ಯಾನಿನಡಿ ಹರವಿದರೆ ಸಾಕು.

ದೋಷ ಯಾವಾಗಲೂ ಆಟಗಾರರ ಚೀಲದಲ್ಲಿಯೇ ಇರುವುದಿಲ್ಲ. 14 ಮೀಟರ್ ಉದ್ದದ ಲೋಹದ ಪಿಸ್ಟ್ ಅನ್ನು ಯಂತ್ರಕ್ಕೆ ಅರ್ತ್ ಮಾಡಿರುವುದು ಎಪೆಯ ಮೊನೆ ನೆಲಕ್ಕೆ ತಗುಲಿದರೆ ದೀಪ ಹತ್ತಬಾರದೆಂದು. ಗಾರ್ಡಿಗೆ ತಗುಲಿದಾಗಲೂ ಹತ್ತಬಾರದು. ಆ ಅರ್ತ್ ತಂತಿ ಕಳಚಿದ್ದರೆ, ಇಲ್ಲವೇ ಪಿಸ್ಟ್ ಮೇಲೆ ತುಕ್ಕಿನ ಪೊರೆಯಿದ್ದರೆ, ನೆಲಕ್ಕೆ ಕುಟ್ಟಿದವರಿಗೂ ಅಂಕ ಬರುತ್ತದೆ. ಐಬೆಕ್ಸ್ ಬೇಲಿಯ ಮಾತು ಬಂದದ್ದು ಇಲ್ಲಿಗೆ. ಎಲ್ಲೋ ಒಂದು ಹಸಿ ಬಳ್ಳಿ ತಂತಿಗೆ ತಾಗಿ ವಿದ್ಯುತ್ ಸೋರಿಹೋಗುತ್ತಿರುವಾಗ, ಬೇಲಿಯನ್ನು ತುಂಡು ತುಂಡಾಗಿ ಬಿಡಿಸಿ, ಈ ತುಂಡು ಸರಿ, ಈ ತುಂಡು ಸರಿ ಎಂದು ಕಳೆಯುತ್ತಾ ಹೋಗಿ ಬಳ್ಳಿಯ ಬಳಿಗೆ ಬರುತ್ತೇವಲ್ಲವೇ? ಇಲ್ಲಿಯೂ ಯಂತ್ರ, ನೆಲದ ಕೇಬಲ್, ಆಟಗಾರರ ಹಿಂದೆ ತಂತಿ ಸುತ್ತಿಕೊಳ್ಳುವ ರೀಲ್, ಬಾಡಿ ವೈರ್, ಸಾಕೆಟ್, ಅಲಗು, ಮೊನೆ ಎಂದು ಒಂದೊಂದನ್ನೇ ಬದಲಿಸಿ ನೋಡುತ್ತಾ ಹೋಗಬೇಕು. ಬೇಲಿಯ ಬಳ್ಳಿಗೆ ಅರ್ಧ ದಿನ ಕೊಡಬಹುದು. ಇಲ್ಲಿ ಇಬ್ಬರು ಮಕ್ಕಳು ಮುಖವಾಡ ತೆಗೆದು ನಿಂತಿರುತ್ತಾರೆ, ಅಷ್ಟೇ ವ್ಯತ್ಯಾಸ.

ಈ ಸಂದರ್ಭದಲ್ಲಿ ಮಕ್ಕಳಿಗೆ ಕಲಿಸಬೇಕಾದ ಒಂದು ನಿಯಮವನ್ನು ತರಬೇತುದಾರರು ಏಕೋ ಒತ್ತಿ ಹೇಳುತ್ತಿಲ್ಲ. ದೀಪ ಹತ್ತಲಿಲ್ಲವೆಂದು ಅನುಮಾನ ಬಂದ ತಕ್ಷಣ ಕೈಯಲ್ಲಿರುವುದು ಯಾವುದನ್ನೂ ಮುಟ್ಟಬಾರದು. ಪ್ಲಗ್ ಕಳಚಬಾರದು, ಮೊನೆ ತಿರುಪಬಾರದು, ಅಲಗನ್ನು ಕಾಲಡಿಯಲ್ಲಿ ನೆಟ್ಟಗೆ ಮಾಡಬಾರದು. ಇದ್ದ ಸ್ಥಿತಿಯಲ್ಲಿಯೇ ಪರೀಕ್ಷಿಸಿ ದೋಷ ರುಜುವಾತಾದರೆ ಎದುರಾಳಿಯ ಕೊನೆಯ ಅಂಕವನ್ನು ತೀರ್ಪುಗಾರರು ರದ್ದುಮಾಡುವ ಅವಕಾಶವಿದೆ. ಆಟಗಾರ ತಾನೇ ಬಿಚ್ಚಿಬಿಟ್ಟರೆ ಆ ಅವಕಾಶ ಅಲ್ಲಿಗೇ ಮುಗಿಯಿತು. ತಂತ್ರಜ್ಞನೂ ತನ್ನ ಗೆರೆ ತಿಳಿದಿರಬೇಕು. ಕಂಡದ್ದನ್ನು ಹೇಳುವುದಷ್ಟೇ ಅವನ ಕೆಲಸ, ಅಂಕ ಕೊಡುವುದು ಬಿಡುವುದು ತೀರ್ಪುಗಾರರದ್ದು. ಮೊಮ್ಮಗಳು ಆಡುವ ಪಂದ್ಯಾವಳಿಯಲ್ಲಿ ಅವಳ ಕತ್ತಿಗೆ ನಾನು ಮುದ್ರೆ ಒತ್ತುವುದಿಲ್ಲವೆಂದು ಮನೆಯಲ್ಲಿ ಈಗಲೇ ಹೇಳಿದ್ದೇನೆ, ಅದಕ್ಕೆ ಸ್ವಲ್ಪ ಮುನಿಸೂ ಆಗಿದೆ.

ಇಷ್ಟೊಂದು ಕಟ್ಟುನಿಟ್ಟು ಏಕೆಂದು ಕೇಳುವವರಿಗೆ ಒಂದು ಹಳೆಯ ಪ್ರಸಂಗ ಸಾಕು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ ಆಧುನಿಕ ಪೆಂಟಾಥ್ಲಾನ್‌ನಲ್ಲಿ ಸೋವಿಯತ್ ಒಕ್ಕೂಟದ ಬೋರಿಸ್ ಒನಿಷೆಂಕೊ ಎಪೆಯ ಹಿಡಿಯೊಳಗೆ ಗುಟ್ಟಾಗಿ ಸ್ವಿಚ್ ಅಡಗಿಸಿಕೊಂಡು, ಮೊನೆ ತಾಗದಿದ್ದರೂ ದೀಪ ಹತ್ತಿಸಿ ಸಿಕ್ಕಿಬಿದ್ದು ಅನರ್ಹನಾದ. ಆದರೆ ಮೋಸಕ್ಕಿಂತ ದೊಡ್ಡ ಕಾರಣ ಪ್ರಾಣದ್ದು. 1982ರಲ್ಲಿ ರೋಮ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎದುರಾಳಿಯ ಫಾಯಿಲ್‌ನ ಅಲಗು ಮುರಿದು, ಮುರಿದ ತುದಿ ಮುಖವಾಡದ ಜಾಲರಿಯನ್ನು ಸೀಳಿ ಒಳಹೊಕ್ಕು, ಒಲಿಂಪಿಕ್ ಚಾಂಪಿಯನ್ ವ್ಲಾದಿಮಿರ್ ಸ್ಮಿರ್ನೋವ್ ತೀರಿಕೊಂಡರು. ಮುಖವಾಡ, ಉಡುಪು, ಅಲಗುಗಳ ನಿಯಮಗಳೆಲ್ಲ ಬಿಗಿಯಾದದ್ದು ಆಮೇಲೆಯೇ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಉಡುಪು 800 ನ್ಯೂಟನ್ ಬಲವನ್ನು, ಮುಖವಾಡದ ಕೊರಳ ಭಾಗ 1600 ನ್ಯೂಟನ್ ಬಲವನ್ನು ತಡೆಯಬೇಕು. ಫಾಯಿಲ್ ಮತ್ತು ಎಪೆಯ ಅಲಗುಗಳಿಗೆ ಬಿರುಕು ನಿಧಾನವಾಗಿ ಹರಡುವ ಮರಾಜಿಂಗ್ ಉಕ್ಕು ಬಳಕೆಗೆ ಬಂತು. ಮುಖವಾಡದ ಜಾಲರಿಯನ್ನು 12 ಕಿಲೊ ಬಲದ ಸ್ಪ್ರಿಂಗ್ ಉಳಿಯಿಂದ ಒತ್ತಿ ನೋಡಿ, ತಂತಿಗಳು ಅಗಲಿದರೆ ಆ ಮುಖವಾಡವನ್ನು ಪಕ್ಕಕ್ಕಿಡಬೇಕು. ದೀಪ ಹತ್ತದಿದ್ದರೆ ಹೋಗುವುದು ಒಂದು ಅಂಕ. ಮೂರು ನಾಲ್ಕು ಮಕ್ಕಳ ತಲೆ ದಾಟಿ ಬಂದ, ತುಕ್ಕು ಹಿಡಿದ ಮುಖವಾಡವನ್ನು ಯಾರೂ ಒತ್ತಿ ನೋಡದೆ ಹಾಗೆಯೇ ತೊಡಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈ ಪತ್ರ ಬರೆಯಲು ಅದೇ ಹೆಚ್ಚಿನ ಕಾರಣ.

ಚೆನ್ನೈನ ಭವಾನಿ ದೇವಿಯವರು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸೇಬರ್ ಹಿಡಿದು, ಆ ಮಟ್ಟಕ್ಕೇರಿದ ಭಾರತದ ಮೊದಲ ಕತ್ತಿವರಸೆ ಪಟುವಾದ ಮೇಲೆ ನಮ್ಮ ಸಣ್ಣ ಊರುಗಳಲ್ಲಿಯೂ ಈ ಆಟದ ಹೆಸರು ಕೇಳಿಬರುತ್ತಿದೆ. ಒಳ್ಳೆಯದೇ. ಅಂತರರಾಷ್ಟ್ರೀಯ ಒಕ್ಕೂಟವು ಸಲಕರಣೆ ಮತ್ತು ವಿದ್ಯುತ್ ಸೂಚಕಗಳಿಗೆಂದೇ ಸೆಮಿ ಎಂಬ ಪ್ರತ್ಯೇಕ ಆಯೋಗವನ್ನಿಟ್ಟುಕೊಂಡಿರುವಾಗ, ಜಿಲ್ಲಾ ಮಟ್ಟದಲ್ಲಿ ಒಬ್ಬರಾದರೂ ಅರಿತವರು ಬೇಡವೇ? ಎಪೆಯಲ್ಲಿ ಒಬ್ಬರ ಹೊಡೆತಕ್ಕೂ ಇನ್ನೊಬ್ಬರದಕ್ಕೂ 40ರಿಂದ 50 ಮಿಲಿಸೆಕೆಂಡಿಗಿಂತ ಹೆಚ್ಚು ಅಂತರವಿದ್ದರೆ ಎರಡನೆಯ ದೀಪವನ್ನು ಯಂತ್ರವೇ ತಡೆಯುತ್ತದೆ. ಸೇಬರ್‌ಗೆ ಇದು 170, ಫಾಯಿಲ್‌ಗೆ 300. ಇಷ್ಟು ಸೂಕ್ಷ್ಮವಾದ ಯಂತ್ರವನ್ನು ಕೊಂಡುತಂದು ಕಿಲುಬು ಹಿಡಿದ ತಂತಿಗೆ ಜೋಡಿಸುವುದು ಹಣವನ್ನು ಹೊಳೆಗೆ ಸುರಿದಂತೆ.

ಜನರಿಗೇನೂ ಇಲ್ಲಿ ಬರವಿಲ್ಲ. ಭದ್ರಾವತಿಯ ಉಕ್ಕಿನ ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಜಿಲ್ಲೆ ಇದು. ಲೋಹ ನೋಡಿದರೆ ಬಿರುಕು ಹೇಳುವ ಹಿರಿಯರು ಇನ್ನೂ ಇದ್ದಾರೆ. ಐಟಿಐಗಳಲ್ಲಿ ಎಲೆಕ್ಟ್ರಾನಿಕ್ಸ್ ಕಲಿಯುವ ಹುಡುಗ ಹುಡುಗಿಯರಿಗೆ ಬೆಸುಗೆ ಹಾಕಲು, ಮೀಟರ್ ಓದಲು ಬರುತ್ತದೆ. ಅವರಿಗೆ ಬೇಕಾದದ್ದು ಮೂರು ಕತ್ತಿಗಳ ಪರಿಚಯ, ನಿಯಮಗಳ ಒಂದು ಕನ್ನಡ ಹಾಳೆ, ಮತ್ತು ಎರಡು ಪಂದ್ಯಾವಳಿಗಳಲ್ಲಿ ಅನುಭವಿಗಳ ಪಕ್ಕದಲ್ಲಿ ಕುಳಿತುಕೊಳ್ಳುವ ಅವಕಾಶ. ಕೆಲವು ಕೆಲಸಗಳು ಆ ದಿನ ಆಗುವಂಥವಲ್ಲವೆಂಬುದನ್ನೂ ಅಲ್ಲಿಯೇ ಕಲಿಯಬೇಕು: ಅಲಗಿನ ತೋಡಿನಿಂದ ಹಳೆಯ ಅಂಟನ್ನು ಕೆರೆದು ಹೊಸ ತಂತಿ ಕೂರಿಸಿದರೆ ಅಂಟು ಗಟ್ಟಿಯಾಗುವವರೆಗೆ ಕಾಯಲೇಬೇಕು, ಅವಸರದಲ್ಲಿ ಅಂಟಿಸಿ ಕೊಟ್ಟ ತಂತಿ ಎರಡನೆಯ ಪಂದ್ಯದಲ್ಲಿಯೇ ಏಳುತ್ತದೆ. ಪಂದ್ಯಾವಳಿ ನಡೆಸುವವರು ಆಯುಧ ಪರೀಕ್ಷೆಯನ್ನು ಹಿಂದಿನ ಸಂಜೆಯೇ ಮುಗಿಸುವಂತೆ ವೇಳಾಪಟ್ಟಿ ಮಾಡಬೇಕು, ತಂತ್ರಜ್ಞರಿಗೆ ತೀರ್ಪುಗಾರರಿಗೆ ಕೊಡುವಂತೆಯೇ ದಿನಭತ್ಯೆ ಕೊಡಬೇಕು, ಕೂಪನ್ ಹಂಚುವ ಕೆಲಸವನ್ನು ಬೇರೆಯವರಿಗೆ ವಹಿಸಬೇಕು. ಮಳೆಗಾಲದಲ್ಲಿ ಕರೆಂಟು ಹೋಗುವುದು ನಮಗೆ ಹೊಸದಲ್ಲವಾದ್ದರಿಂದ ಬ್ಯಾಟರಿಯಲ್ಲಿಯೂ ನಡೆಯುವ ಯಂತ್ರಗಳನ್ನೇ ಆರಿಸುವುದು ಲೇಸು.

ಕ್ರೀಡಾ ಇಲಾಖೆಯೋ ದಾನಿಗಳೋ ಪಿಸ್ಟ್ ಮತ್ತು ಯಂತ್ರಗಳಿಗೆ ಖರೀದಿ ಪಟ್ಟಿ ಮಾಡುವ ದಿನ ಬಂದಾಗ, ಅದರ ಕೆಳಗೆ ಇಷ್ಟನ್ನೂ ಸೇರಿಸಬೇಕೆಂದು ನನ್ನ ವಿನಂತಿ: 750 ಮತ್ತು 500 ಗ್ರಾಂ ತೂಕದ ಒಂದೊಂದು ಬೊಡ್ಡೆ, 1.5 ಮತ್ತು 0.5 ಮಿಲಿಮೀಟರಿನ ಅಳತೆಪಟ್ಟಿಗಳು, ಮುಖವಾಡ ಪರೀಕ್ಷಿಸುವ 12 ಕಿಲೊದ ಉಳಿ, ಒಂದು ನಂಬಿಕಸ್ಥ ಮೀಟರ್, ಹೆಚ್ಚುವರಿ ರೀಲ್ ಒಂದು, ಒಂದು ಹಿಡಿ ತಿರುಪು ಮತ್ತು ಸ್ಪ್ರಿಂಗ್. ತೂಕದ ಬೊಡ್ಡೆಗಳನ್ನು ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಯಾವುದಾದರೂ ಲೇತಿನಲ್ಲಿ ತಿರುಗಿಸಿ, ನಿಖರವಾದ ತಕ್ಕಡಿಯಲ್ಲಿ ತೂಗಿಸಿಕೊಳ್ಳಬಹುದು. 12 ಕಿಲೊದ ಉಳಿಯನ್ನು ಮಾತ್ರ ಪ್ರಮಾಣೀಕರಿಸಿದ್ದನ್ನೇ ತರಿಸಬೇಕು, ಅದರಲ್ಲಿ ಉಳಿತಾಯ ಬೇಡ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕಿರಿಯ ತರಬೇತಿ ಅಧಿಕಾರಿ
ಶಿವಮೊಗ್ಗ